ರಕ್ತನಿಧಿಯ ಡಾ. ಚಾರ್ಲ್ಸ್ ಡ್ರೂ

ಮಕ್ಕಳೇ, ರಕ್ತದಾನ ಶಿಬಿರವನ್ನು ನೀವು ನೋಡಿರಬಹುದು. ದಾನಿ ಕೊಟ್ಟ ರಕ್ತದಲ್ಲಿ ರೋಗಾಣು ಸೇರಿಬಿಟ್ಟರೆ? ಜೀವ ಉಳಿಸಬೇಕಾದದ್ದೇ ಜೀವ ತೆಗೆದೀತು! ಇದನ್ನು ತಡೆಯಲು ದುಡಿದವರಲ್ಲಿ ಡಾ. ಚಾರ್ಲ್ಸ್ ಡ್ರೂ ಒಬ್ಬರು.

ಇವರು ಹುಟ್ಟಿದ್ದು 1904ರಲ್ಲಿ, ಅಮೆರಿಕದ ವಾಷಿಂಗ್ಟನ್ ನಗರದ ಕಪ್ಪು ಜನರ ಕುಟುಂಬದಲ್ಲಿ. ಒಳ್ಳೆಯ ಆಟಗಾರ. ವೈದ್ಯಶಿಕ್ಷಣ ಪಡೆದದ್ದು ಕೆನಡಾದಲ್ಲಿ.

1940ರಲ್ಲಿ ಯುದ್ಧಪೀಡಿತ ಬ್ರಿಟನ್ನಿಗೆ ನ್ಯೂಯಾರ್ಕಿನಿಂದ ಪ್ಲಾಸ್ಮಾ ಕಳುಹಿಸುವ ಹೊಣೆ ಇವರಿಗೆ ಬಂತು. ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ರಕ್ತ ಸಂಗ್ರಹಿಸುವ ಎಲ್ಲ ಆಸ್ಪತ್ರೆಗಳಿಗೂ ಡ್ರೂ ಒಂದೇ ವಿಧಾನ ಗೊತ್ತುಮಾಡಿದರು. ಉಪಕರಣಗಳು ಕ್ರಿಮಿಶುದ್ಧವಾಗಿರಬೇಕು. ಕಳುಹಿಸುವ ಮೊದಲು ಪ್ಲಾಸ್ಮಾದಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಪರೀಕ್ಷಿಸಿ ನೋಡಬೇಕು. ಐದಾರು ತಿಂಗಳಲ್ಲಿ ಸುಮಾರು 14,500 ಜನ ರಕ್ತ ಕೊಟ್ಟರು.

ಆಮೇಲೆ ಏನಾಯಿತು ಗೊತ್ತೇ? ಅಮೆರಿಕದ ಸೈನಿಕರಿಗಾಗಿ ರಕ್ತ ಸಂಗ್ರಹಿಸುವಾಗ ಕಪ್ಪು ಜನರ ರಕ್ತ ಬೇಡವೆಂದರು. ಅಂದರೆ ಡ್ರೂ ಅವರದೂ ಬೇಡ! 1942ರಿಂದ ತೆಗೆದುಕೊಂಡರೂ ಬೇರೆಯಾಗಿ ಇಟ್ಟರು. ರಕ್ತ ಕೊಡುವಾಗ ಹೊಂದಬೇಕಾದದ್ದು ರಕ್ತದ ಗುಂಪು; ಚರ್ಮದ ಬಣ್ಣವಲ್ಲ. ಈ ಭೇದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಡ್ರೂ ಬಹಿರಂಗವಾಗಿಯೇ ಹೇಳಿದರು.

1950ರಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 45 ಮಾತ್ರ. ಅದೇ ವರ್ಷ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ರಕ್ತದ ಮೇಲೆ ದಾನಿಯ ಜನಾಂಗ ಗುರುತಿಸುವುದನ್ನು ಕೈಬಿಟ್ಟಿತು.