ವಿರಾಮಕ್ಕೆ ಲೆಕ್ಕ ಕೊಟ್ಟ ವಕೀಲ ಲಿಂಡ್ಲೆ ಮರ್ರೆ

ಇಂಗ್ಲಿಷ್ ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ, ಅರ್ಧವಿರಾಮ ಎಲ್ಲಿ ಎಂಬುದನ್ನು 19ನೇ ಶತಮಾನದ ಲಕ್ಷಾಂತರ ಮಕ್ಕಳಿಗೆ ಕಲಿಸಿದ ಲಿಂಡ್ಲೆ ಮರ್ರೆ ವೃತ್ತಿಯಿಂದ ಅಧ್ಯಾಪಕರಲ್ಲ, ವಕೀಲರು. ಜನನ 1745ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ತಂದೆ ರಾಬರ್ಟ್ ನ್ಯೂಯಾರ್ಕಿನ ಸಿರಿವಂತ ವರ್ತಕ. ಮಗನಿಗೆ ವ್ಯಾಪಾರಕ್ಕಿಂತ ಓದು ಪ್ರಿಯ. ಕಾನೂನು ಕಲಿಯುವಾಗ ಸಹಪಾಠಿಯಾಗಿದ್ದ ಜಾನ್ ಜೇ ಮುಂದೆ ಅಮೆರಿಕದ ಪ್ರಥಮ ಮುಖ್ಯ ನ್ಯಾಯಮೂರ್ತಿಯಾದರು.

ಸ್ವಾತಂತ್ರ್ಯ ಸಮರದ ಕಾಲದಲ್ಲಿ ವ್ಯಾಪಾರಕ್ಕೇ ಮರಳಿದ ಮರ್ರೆ ಸಾಕಷ್ಟು ಹಣ ಗಳಿಸಿದರು. ಆದರೆ ದೇಹ ಸಹಕರಿಸಲಿಲ್ಲ. ಸ್ನಾಯುಗಳ ಬಲ ಕುಂದುತ್ತಾ ಬಂದಾಗ, 1784ರಲ್ಲಿ ಪತ್ನಿ ಹನ್ನಾ ಅವರೊಡನೆ ಇಂಗ್ಲೆಂಡಿಗೆ ಹೊರಟು ಯಾರ್ಕ್ ನಗರದ ಬಳಿಯ ಹೋಲ್ಗೇಟ್‌ನಲ್ಲಿ ನೆಲೆಸಿದರು. ಹವೆ ಬದಲಾದರೂ ನಡೆಯುವ ಶಕ್ತಿ ಮರಳಲಿಲ್ಲ, ತಾಯ್ನಾಡಿಗೂ ಮರಳಲಾಗಲಿಲ್ಲ.

ಯಾರ್ಕಿನಲ್ಲಿ ಕ್ವೇಕರ್ ಪಂಥದವರ ಹೆಣ್ಣುಮಕ್ಕಳ ಶಾಲೆಯೊಂದಿತ್ತು. ಅಲ್ಲಿನ ಶಿಕ್ಷಕಿಯರ ಕೋರಿಕೆಯಂತೆ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣ 1795ರಲ್ಲಿ ಪ್ರಕಟವಾಯಿತು. ವಿರಾಮಚಿಹ್ನೆಗಳಿಗೆ ಅದರಲ್ಲಿ ಸಂಗೀತದ ತಾಳದಂಥ ಲೆಕ್ಕವಿತ್ತು. ಅಲ್ಪವಿರಾಮ ಎಲ್ಲಕ್ಕಿಂತ ಚಿಕ್ಕ ನಿಲುಗಡೆ. ಅರ್ಧವಿರಾಮ ಅದರ ಇಮ್ಮಡಿ. ಕೋಲನ್ ಅದರ ಇಮ್ಮಡಿ. ಪೂರ್ಣವಿರಾಮ ಅದಕ್ಕೂ ಇಮ್ಮಡಿ. ಗಟ್ಟಿಯಾಗಿ ಓದುವ ಕಾಲಕ್ಕೆ ಈ ಲೆಕ್ಕ ಒಪ್ಪುವಂಥದ್ದೇ. ಆದರೆ ಉಸಿರನ್ನೇ ನಂಬಿದ್ದರಿಂದ ತೊಡಕೂ ಬಂತು. ಕರ್ತೃಪದ ಉದ್ದವಾಗಿದ್ದರೆ ಕ್ರಿಯಾಪದದ ಮುನ್ನ ಅಲ್ಪವಿರಾಮ ಹಾಕಬಹುದೆಂದು ಮರ್ರೆ ಅನುಮತಿಸಿದ್ದರು. ಇಂದಿನ ಇಂಗ್ಲಿಷಿನಲ್ಲಿ ಅದು ತಪ್ಪು.

ಅರ್ಧವಿರಾಮದ ವಿಷಯದಲ್ಲಿ ಅವರ ಮಾತು ಹೆಚ್ಚು ಬಾಳಿತು. ಅಲ್ಪವಿರಾಮ ಬೆಸೆಯುವಷ್ಟು ನಿಕಟವೂ ಅಲ್ಲದ, ಪೂರ್ತಿ ಬೇರೆಯೂ ಅಲ್ಲದ ಭಾಗಗಳ ನಡುವೆ ಅದರ ಸ್ಥಾನ. ಮಳೆ ನಿಂತಿತು, ಪಂದ್ಯ ಶುರುವಾಯಿತು ಎಂಬ ಎರಡು ಸ್ವತಂತ್ರ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರಿಯ ಅಲ್ಪವಿರಾಮದಿಂದ ಜೋಡಿಸುವಂತಿಲ್ಲ. ಅಲ್ಲಿ ಅರ್ಧವಿರಾಮ ಬೇಕು, ಇಲ್ಲವೇ ಅಲ್ಪವಿರಾಮದ ಜತೆಗೆ ಆ್ಯಂಡ್‌ನಂಥ ಪದ ಬೇಕು. ನಮ್ಮ ಕಚೇರಿ ಪತ್ರಗಳಲ್ಲಿ ಇಂದಿಗೂ ನುಸುಳುವ ದೋಷವಿದು.

ಕೃತಿಚೌರ್ಯದ ಆರೋಪವೂ ಮರ್ರೆ ಮೇಲೆ ಬಂತು. ರಾಬರ್ಟ್ ಲೌತ್ ಅವರ 1762ರ ವ್ಯಾಕರಣದಿಂದ ಧಾರಾಳವಾಗಿ ಪಡೆದದ್ದು ನಿಜ. ಆದರೆ ತಮ್ಮದು ಸಂಗ್ರಹವೆಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದ ಅವರನ್ನು ಕಳ್ಳರೆನ್ನುವುದು ಅನ್ಯಾಯ. ಪುಸ್ತಕಗಳ ಗಳಿಕೆಯನ್ನು ಅವರು ದಾನಧರ್ಮಕ್ಕೆ ವಿನಿಯೋಗಿಸಿದರು.

ಕೊನೆಯ ವರ್ಷಗಳಲ್ಲಿ ಅವರು ಮನೆಯ ಹೊಸ್ತಿಲನ್ನೇ ದಾಟಲಿಲ್ಲ. ಅಟ್ಲಾಂಟಿಕ್‌ನ ಎರಡೂ ದಡಗಳ ಶಾಲೆಗಳಲ್ಲಿ ಅವರ ವ್ಯಾಕರಣದ ಕಂಠಪಾಠ ನಡೆದಿದ್ದ ಕಾಲವದು. 1826ರ ಫೆಬ್ರುವರಿ 16ರಂದು ಮರ್ರೆ ನಿಧನರಾದರು. ಹೋಲ್ಗೇಟ್ ತೋಟದಲ್ಲಿದ್ದ ಅವರ ಪುಟ್ಟ ಮಂಟಪವನ್ನು ಮುಂದೆ ಯಾರ್ಕಿನ ಕ್ವೇಕರ್ ಶಾಲೆ ದ ಮೌಂಟ್‌ನ ಆವರಣಕ್ಕೆ ಸ್ಥಳಾಂತರಿಸಲಾಯಿತು.