ರೇಮಂಡ್ ಲಲ್ಲನ ಚರಿತ್ರೆ

ಮುಸಲ್ಮಾನರ ದೇಶಗಳಲ್ಲಿ ಕರ್ತನ ನಾಮದ ನಿಮಿತ್ತ ಬಾಧೆಪಟ್ಟವರೊಳಗೆ ರೇಮಂಡ್ ಲಲ್ಲನ ಹೆಸರು ಪ್ರಸಿದ್ಧವಾದದ್ದು. ಈತನು ನಮ್ಮ ಪ್ರೊಟೆಸ್ಟಂಟ್ ಸಭೆಗಳು ಹುಟ್ಟುವದಕ್ಕೆ ೨೦೦ ವರುಷಗಳ ಮುಂಚೆ ಇದ್ದವನು. ಆದರೂ ಈತನ ಜೀವಿತದಿಂದ ನಾವು ಕಲಿಯತಕ್ಕದ್ದು ಇರುವದರಿಂದ ಅದನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಸ್ಪೇನ್ ದೇಶದ ಪೂರ್ವಕ್ಕಿರುವ ಮಜೋರ್ಕಾ ದ್ವೀಪದಲ್ಲಿ ಲಲ್ಲನು ಸುಮಾರು ೧೨೩೨ರಲ್ಲಿ ಹುಟ್ಟಿದನು. ಅರಮನೆಯ ಉದ್ಯೋಗ, ಐಶ್ವರ್ಯ, ಹೆಂಡತಿ ಮಕ್ಕಳು ಎಲ್ಲವೂ ಇದ್ದರೂ ಲೋಕಭೋಗಗಳಲ್ಲಿ ಕಾಲ ಕಳೆಯುತ್ತಿದ್ದನು. ಸುಮಾರು ೩೦ನೆಯ ವಯಸ್ಸಿನಲ್ಲಿ ಒಂದು ರಾತ್ರಿ ಪರಸ್ತ್ರೀಯನ್ನು ಕುರಿತು ಶೃಂಗಾರದ ಹಾಡನ್ನು ರಚಿಸುತ್ತಿರುವಾಗ, ಶಿಲುಬೆಯ ಮೇಲಿನ ಕ್ರಿಸ್ತನ ದರ್ಶನವಾಯಿತು. ಅವನು ಹೆದರಿ ಮಲಗಿಕೊಂಡನು. ಆದರೆ ಆ ದರ್ಶನವು ಪುನಃ ಪುನಃ ಉಂಟಾದದ್ದರಿಂದ ತನ್ನ ಪ್ರಾಣವನ್ನು ಕರ್ತನಿಗೆ ಒಪ್ಪಿಸಿ, ಮುಸಲ್ಮಾನರಿಗೆ ಸುವಾರ್ತೆ ಸಾರುವೆನೆಂದು ನಿಶ್ಚಯಿಸಿದನು. ಮನೆಯವರಿಗೆ ಬೇಕಾದಷ್ಟನ್ನು ಇಟ್ಟು ಉಳಿದ ಆಸ್ತಿಯನ್ನು ಮಾರಿ, ಒಂಬತ್ತು ವರುಷ ವಿದ್ಯಾಭ್ಯಾಸ ಮಾಡಿ ಅರಬ್ಬಿ ಭಾಷೆಯನ್ನು ಕಲಿತನು. ೧೨೭೬ರಲ್ಲಿ ಮಿರಮಾರ್ ಎಂಬಲ್ಲಿ ೧೩ ಮಂದಿ ಸನ್ಯಾಸಿಗಳು ಅದೇ ಭಾಷೆಯನ್ನು ಕಲಿಯುವದಕ್ಕಾಗಿ ಒಂದು ಮಠವು ಅವನ ಪ್ರಯತ್ನದಿಂದ ಸ್ಥಾಪಿತವಾಯಿತು.

ಇಂಥವನಿಗೂ ಭಯವು ತಪ್ಪಲಿಲ್ಲ. ಆಫ್ರಿಕದ ತೂನಿಸ್ ಪಟ್ಟಣಕ್ಕೆ ಹೋಗಲು ಜಿನೋವಾ ರೇವಿನಲ್ಲಿ ಪುಸ್ತಕಗಳನ್ನು ಹಡಗಿಗೆ ಏರಿಸಿದ ಮೇಲೆ, ತನ್ನನ್ನು ಅಲ್ಲಿ ಕೊಲ್ಲುವರು ಇಲ್ಲವೆ ಸಾಯುವ ತನಕ ಸೆರೆಯಲ್ಲಿಡುವರು ಎಂಬ ಯೋಚನೆ ಹುಟ್ಟಿ ಅವನು ಹಿಂಜರಿದನು. ಹಡಗು ಹೊರಟುಹೋಯಿತು. ಆಗ ಅವನು ಪಶ್ಚಾತ್ತಾಪದಿಂದ ಕಾಯಿಲೆ ಬಿದ್ದನು. ಆದರೂ ಜ್ವರ ಬಿಡುವ ಮೊದಲೇ ಬೇರೆ ಹಡಗನ್ನು ಹತ್ತಿ ೧೨೯೩ರಲ್ಲಿ ತೂನಿಸನ್ನು ಸೇರಿದನು.

ಅಲ್ಲಿ ಪಂಡಿತರ ಸಂಗಡ ವಾದಿಸಿದಾಗ ಕೆಲವರ ಮನಸ್ಸು ದೀಕ್ಷಾಸ್ನಾನದ ಕಡೆಗೆ ತಿರುಗಿತು. ಸುದ್ದಿ ಅರಸನಿಗೆ ಮುಟ್ಟಿ ಮರಣದಂಡನೆಯ ತೀರ್ಪಾಯಿತು. ಆದರೆ ಬುದ್ಧಿವಂತನಾದ ಒಬ್ಬ ಮುಸಲ್ಮಾನನೇ ಅವನ ಪ್ರಾಣಕ್ಕಾಗಿ ಬೇಡಿಕೊಂಡದ್ದರಿಂದ ಅವನನ್ನು ದೇಶದಿಂದ ಹೊರಡಿಸಿದರು. ಲಲ್ಲನಾದರೋ ನಂಬುವದಕ್ಕಿದ್ದವರನ್ನು ಬಿಟ್ಟುಹೋಗಲಾರದೆ ರೇವಿನಲ್ಲೇ ಇನ್ನೊಂದು ಹಡಗಿನೊಳಗೆ ಕೆಲವು ವಾರ ಅಡಗಿದ್ದನು. ಊರಲ್ಲಿ ಅವನ ಹೋಲಿಕೆಯ ಒಬ್ಬ ಕ್ರೈಸ್ತನು ಕಲ್ಲೆಸೆತಕ್ಕೆ ಸಿಕ್ಕುವದರಲ್ಲಿದ್ದನೆಂದು ಕೇಳಿದ ಮೇಲೆ ಇಟಲಿಗೆ ಹಿಂತಿರುಗಿದನು.

೧೩೦೭ರಲ್ಲಿ ಬೂಜಿಯಾ ಪಟ್ಟಣದ ಬಹಿರಂಗ ಸ್ಥಳದಲ್ಲಿ ಕ್ರಿಸ್ತಮತವೇ ಸತ್ಯವೆಂದೂ ಮುಸಲ್ಮಾನರ ಮತವು ಸುಳ್ಳೆಂದೂ ಕೂಗಿ ಸಾರಿದನು. ಜನರು ಅವನನ್ನು ಹೊಡೆದು ಗಡ್ಡ ಹಿಡಿದು ಎಳೆದು ಸೆರೆಮನೆಯ ಹೊಲಸು ಸ್ಥಳದಲ್ಲಿ ಹಾಕಿದರು. ಅರ್ಧ ವರುಷದ ಆ ಸೆರೆಯಲ್ಲಿ ಮನೆ, ಹೆಂಡಂದಿರು, ಹಣ, ಮಾನ ಎಲ್ಲವನ್ನೂ ಕೊಡುವದಾಗಿ ಆಸೆ ತೋರಿಸಿದರೂ ಅವನು ಕರ್ತನನ್ನು ಬಿಡಲಿಲ್ಲ. ಅಲ್ಲಿಂದ ಹೊರಡಿಸಲ್ಪಟ್ಟು ಬರುವಾಗ ಹಡಗು ಒಡೆದು, ಪುಸ್ತಕಗಳೆಲ್ಲವನ್ನೂ ಕಳಕೊಂಡು ಪೀಸಾ ಪಟ್ಟಣದ ಬಳಿ ದಡ ಸೇರಿದನು.

ಮುಪ್ಪಿನಲ್ಲಿ ಪುನಃ ತೂನಿಸಿಗೆ ಹೋದನು. ಬೂಜಿಯಾದಲ್ಲಿ ಕಲ್ಲೆಸೆತದಿಂದ ರಕ್ತಸಾಕ್ಷಿಯಾದನೆಂದು ಬಹುಕಾಲದಿಂದ ಹೇಳುತ್ತಾರೆ. ಆದರೆ ೧೩೧೫ರ ದಶಂಬರದಲ್ಲಿ ಅವನು ತೂನಿಸಿನಲ್ಲಿ ಬರೆಯುತ್ತಿದ್ದದ್ದು ಕಂಡುಬಂದಿರುವದರಿಂದ ಚರಿತ್ರಕಾರರು ಆ ಕಥೆಯನ್ನು ಸಂಶಯಿಸುತ್ತಾರೆ. ಅವನ ಸಾಕ್ಷಿಯು ಆ ಕಲ್ಲುಗಳ ಮೇಲೆ ನಿಂತದ್ದಲ್ಲ. ರಾಜರು ಕತ್ತಿಯನ್ನೂ ಉಪಯೋಗಿಸಬೇಕೆಂದು ಅವನು ಕೆಲವು ಗ್ರಂಥಗಳಲ್ಲಿ ಬರೆದದ್ದನ್ನು ನಾವು ಮೆಚ್ಚುವದಿಲ್ಲ. ತಾನಾದರೋ ಕತ್ತಿಯಿಲ್ಲದೆ ಹೋದನು.

ಪ್ರಿಯ ಸಹೋದರ ಸಹೋದರಿಯರೇ, ಲಲ್ಲನನ್ನು ಹಡಗಿಗೆ ಏರಿಸಿ ಕಳುಹಿಸಿಬಿಟ್ಟರು. ಅವನ ಮಾತನ್ನು ಕೇಳಿ ನಂಬುವದಕ್ಕಿದ್ದ ಊರಿನವರಿಗೆ ಹಡಗು ಎಲ್ಲಿತ್ತು? ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ, ಕರ್ತನೇ ಬಲ್ಲನು. ಅದೇ ಬೂಜಿಯಾ ಈಗ ಅಲ್ಜೀರಿಯಾ ದೇಶದ ಬೆಜಾಯಾ ಎಂಬ ಪಟ್ಟಣವಾಗಿದೆ. ಆ ದೇಶದಲ್ಲಿ ೨೦೦೬ರ ಕಾನೂನಿನ ಪ್ರಕಾರ ಮುಸಲ್ಮಾನರನ್ನು ಮತಾಂತರಿಸಲು ಪ್ರಯತ್ನಿಸುವವರಿಗೆ ೨ರಿಂದ ೫ ವರುಷಗಳ ಸೆರೆಯುಂಟು. ೨೦೧೭ರಿಂದೀಚೆಗೆ ಅಲ್ಲಿಯ ಅನೇಕ ಪ್ರೊಟೆಸ್ಟಂಟ್ ಆರಾಧನಾಲಯಗಳನ್ನು ಸರ್ಕಾರವು ಮುಚ್ಚಿಸಿತು. ಆ ಸಭೆಗಳವರು ಹೆಚ್ಚಾಗಿ ಅದೇ ನೆಲದಲ್ಲಿ ಹುಟ್ಟಿ ನಂಬಿದವರು. ನಂಬಿದ ಊರಲ್ಲೇ, ನಂಬದ ನೆಂಟರ ನಡುವೆ ಬಾಳುವದು ಏನೆಂದು ನಮ್ಮ ಹಳ್ಳಿಗಳ ವಿಶ್ವಾಸಿಗಳಿಗೆ ಹೇಳಿಕೊಡಬೇಕಾಗಿಲ್ಲ. ಆದಕಾರಣ ಅವರಿಗಾಗಿ ಹೆಸರರಿಯದೆಯೂ ಪ್ರಾರ್ಥಿಸೋಣ. ನಮ್ಮಲ್ಲಿ ಯಾರಾದರೂ ಭಯದಿಂದ ಹಿಂಜರಿದಿದ್ದರೆ, ಜಿನೋವಾದ ರೇವಿನಲ್ಲಿ ಎರಡನೆಯ ಹಡಗೂ ಸಿಕ್ಕಿತೆಂಬದನ್ನು ಮರೆಯದಿರೋಣ.