ಎಸಿ ಹುಟ್ಟಿದ್ದು ತಂಪಿಗಾಗಿ ಅಲ್ಲ, ತೇವ ತೆಗೆಯಲು: ವಿಲ್ಲಿಸ್ ಕ್ಯಾರಿಯರ್ ಬದುಕಿನ ಕಥೆ

ನವಿ ಮುಂಬೈ: ಸೀವುಡ್ಸ್‌ನ ಒಂದು ಅಂಚಿಗೆ ಪಾಮ್ ಬೀಚ್ ರಸ್ತೆ, ಅದರಾಚೆ ಮ್ಯಾಂಗ್ರೋವ್ ಕಾಡು, ಉಪ್ಪುನೀರಿನ ಖಾಡಿ. ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿಗೆ ಬಂದವರಿಗೆ ಈ ಹವೆ ಹೊಸದಲ್ಲ. ಕಲಬುರಗಿಯ ಬಿಸಿಲು ಬೇರೆ, ಕರಾವಳಿಯ ಸೆಕೆ ಬೇರೆ ಎಂಬುದು ಕನ್ನಡಿಗರಿಗೆ ಚೆನ್ನಾಗಿಯೇ ಗೊತ್ತು. ಇಲ್ಲಿ ಕಾಡುವುದು ಸೆಕೆ, ಅಂದರೆ ಗಾಳಿಯಲ್ಲಿರುವ ತೇವ.

ಫಾಲ್ಸ್ ಸೀಲಿಂಗ್ ಮೇಲೆ ಕುಳಿತು ಇಡೀ ಮನೆಗೆ ಗಾಳಿ ಹಂಚುವ ಸೆಂಟ್ರಲ್ ಎಸಿ ಮಳೆಗಾಲದಲ್ಲಿ ಕೈಕೊಡುವುದೂ ಹೆಚ್ಚಾಗಿ ಈ ತೇವದಿಂದಲೇ. ಸೀಲಿಂಗ್‌ನಲ್ಲಿ ಕಂದು ಕಲೆ, ತೊಟ್ಟಿಕ್ಕುವ ನೀರು, ಮುಗ್ಗಲು ವಾಸನೆ, ಎಷ್ಟು ಹೊತ್ತು ಓಡಿದರೂ ಹೋಗದ ಅಂಟು. ಇವೆಲ್ಲ ಏಕೆ ಆಗುತ್ತವೆ ಎಂದು ತಿಳಿಯಲು ಈ ಯಂತ್ರಕ್ಕೆ ರೂಪ ಕೊಟ್ಟ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ ಅವರ ಬದುಕನ್ನು ನೋಡಬೇಕು. ಅವರು ಮೊದಲು ಹೊರಟಿದ್ದು ಮನುಷ್ಯರಿಗೆ ತಂಪು ಕೊಡಲು ಅಲ್ಲ, ಗಾಳಿಯಿಂದ ನೀರು ತೆಗೆಯಲು.

ಸೇಬು ಕತ್ತರಿಸಿ ಲೆಕ್ಕ ಕಲಿತ ಹುಡುಗ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ರೈತ ಕುಟುಂಬದಲ್ಲಿ. ಒಬ್ಬನೇ ಮಗ. ಮನೆಯ ಗಡಿಯಾರ, ಹೊಲಿಗೆ ಯಂತ್ರ ಕೆಟ್ಟರೆ ತಾಯಿ ಎಲಿಜಬೆತ್ ತಾವೇ ಬಿಚ್ಚಿ ಸರಿಪಡಿಸುತ್ತಿದ್ದರು. ಭಿನ್ನರಾಶಿ ತಲೆಗೆ ಹತ್ತದೆ ಒದ್ದಾಡುತ್ತಿದ್ದ ಮಗನಿಗೆ ಅವರು ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಕೂಡುವುದು, ಕಳೆಯುವುದನ್ನು ಕಲಿಸಿದರು. ದೊಡ್ಡ ಸಮಸ್ಯೆಯನ್ನು ಸಣ್ಣ ತುಂಡು ಮಾಡಿ ನೋಡುವ ಅಭ್ಯಾಸ ಅಲ್ಲಿಂದಲೇ ಬಂತು. ಬಾಲಕನಾಗಿದ್ದಾಗಲೇ ಕ್ಯಾರಿಯರ್ ತಾಯಿಯನ್ನು ಕಳೆದುಕೊಂಡರು.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ ವಿದ್ಯಾರ್ಥಿ ವೇತನ ಸಾಲದೆ ಹುಲ್ಲು ಕತ್ತರಿಸುವುದು, ಕುಲುಮೆಗೆ ಕಲ್ಲಿದ್ದಲು ಹಾಕುವುದು ಮುಂತಾದ ಕೆಲಸ ಮಾಡಿಕೊಂಡು ಓದಿದರು. 1901ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಬಫಲೋ ಫೋರ್ಜ್ ಕಂಪನಿ ಸೇರಿದರು. ಆರಂಭದ ಸಂಬಳ ವಾರಕ್ಕೆ 10 ಡಾಲರ್.

ಮುದ್ರಣಾಲಯದ ಕಾಗದ ತಂದ ತಲೆನೋವು

ಮರುವರ್ಷವೇ ಅವರ ಮೇಜಿಗೆ ಒಂದು ವಿಚಿತ್ರ ಸಮಸ್ಯೆ ಬಂತು. ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯದಲ್ಲಿ ಬಣ್ಣದ ಚಿತ್ರಗಳು ಹಾಳಾಗುತ್ತಿದ್ದವು. ಆಗ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಬೇಕಿತ್ತು. ಗಾಳಿಯ ತೇವಕ್ಕೆ ಕಾಗದ ಹಿಗ್ಗುತ್ತಿತ್ತು, ಒಣಗಿದರೆ ಕುಗ್ಗುತ್ತಿತ್ತು. ಮೊದಲ ಬಣ್ಣದ ಮೇಲೆ ಎರಡನೆಯದು ಸರಿಯಾಗಿ ಕೂರುತ್ತಿರಲಿಲ್ಲ.

25 ವರ್ಷದ ಕ್ಯಾರಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸುವ ವ್ಯವಸ್ಥೆಯೊಂದನ್ನು ರೂಪಿಸಿದರು. ತಂಪು ಲೋಟದ ಹೊರಮೈ ಬೆವರುವಂತೆ ಗಾಳಿಯ ತೇವ ಕೊಳವೆಯ ಮೇಲೆ ನೀರಾಗಿ ಕೂರುತ್ತದೆ, ಮುಂದೆ ಹೋಗುವ ಗಾಳಿ ಒಣಗಿರುತ್ತದೆ. ಮುದ್ರಣಾಲಯದ ಸಾಪೇಕ್ಷ ಆರ್ದ್ರತೆಯನ್ನು ಶೇ 55ರಲ್ಲಿ ನಿಲ್ಲಿಸುವುದು ಗುರಿಯಾಗಿತ್ತು. 1902ರ ಜುಲೈ 17ರ ದಿನಾಂಕವಿರುವ ಆ ನಕ್ಷೆಗಳನ್ನೇ ಆಧುನಿಕ ಹವಾನಿಯಂತ್ರಣದ ಹುಟ್ಟು ಎಂದು ಪರಿಗಣಿಸಲಾಗುತ್ತದೆ.

ಅದೇ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ನಿಂತಿದ್ದಾಗ ಕ್ಯಾರಿಯರ್‌ಗೆ ಇನ್ನೊಂದು ವಿಷಯ ಹೊಳೆಯಿತು. ಮಂಜು ಎಂದರೆ ತೇವದಿಂದ ಪೂರ್ತಿ ತುಂಬಿದ ಗಾಳಿ. ಅದರ ಉಷ್ಣತೆ ಗೊತ್ತಿದ್ದರೆ ಎಷ್ಟು ನೀರು ಹಿಡಿದಿದೆ ಎಂಬುದೂ ಗೊತ್ತಾಗುತ್ತದೆ. ತಣ್ಣೀರಿನ ತುಂತುರಿನಲ್ಲಿ ಗಾಳಿ ಹಾಯಿಸಿದರೆ ತೇವವನ್ನು ಬೇಕಾದ ಮಟ್ಟಕ್ಕೆ ತರಬಹುದು. ನೀರಿನಿಂದಲೇ ಗಾಳಿಯನ್ನು ಒಣಗಿಸುವ ಈ ಉಪಾಯಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು. ಆದರೆ ಏರ್ ಕಂಡೀಷನಿಂಗ್ ಎಂಬ ಹೆಸರು ಕೊಟ್ಟವರು ಕ್ಯಾರಿಯರ್ ಅಲ್ಲ, ಜವಳಿ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್.

ಗಾಳಿಯ ಉಷ್ಣತೆ, ತೇವ ಮತ್ತು ಇಬ್ಬನಿ ಬಿಂದುವಿನ ನಂಟನ್ನು ಕ್ಯಾರಿಯರ್ 1911ರಲ್ಲಿ ಸೂತ್ರಗಳಾಗಿ ಮಂಡಿಸಿದರು. ಇಂದಿಗೂ ಎಸಿ ವಿನ್ಯಾಸ ಮಾಡುವವರ ಕೈಯಲ್ಲಿರುವುದು ಆ ಲೆಕ್ಕದ ಕೋಷ್ಟಕವೇ.

ಕೆಲಸ ಹೋಗುವ ಭಯ, ಹೊಸ ಕಂಪನಿ

ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ಈ ವಿಭಾಗದಿಂದ ಹಿಂದೆ ಸರಿಯಿತು. ಕ್ಯಾರಿಯರ್ ಮತ್ತು ಅವರ ಆರು ಎಂಜಿನಿಯರ್ ಗೆಳೆಯರು ಒಟ್ಟು 32,600 ಡಾಲರ್ ಹೊಂದಿಸಿಕೊಂಡು 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು.

ಆಗಿನ ಯಂತ್ರಗಳು ದೈತ್ಯಾಕಾರದವು. ಅವುಗಳಲ್ಲಿದ್ದ ಅಮೋನಿಯಾ ಸೋರಿದರೆ ಜೀವಕ್ಕೇ ಅಪಾಯ. 1920ರ ದಶಕದ ಆರಂಭದಲ್ಲಿ ಕ್ಯಾರಿಯರ್ ಅಮೋನಿಯಾ ಬಿಟ್ಟು, ಅಷ್ಟು ಅಪಾಯವಿಲ್ಲದ ದ್ರವ ಬಳಸುವ ಸೆಂಟ್ರಿಫ್ಯೂಗಲ್ ಯಂತ್ರ ತಂದರು. ಅದು ಗಾತ್ರದಲ್ಲೂ ಚಿಕ್ಕದು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರದಲ್ಲಿ ಅದನ್ನು ಚಾಲೂ ಮಾಡಿದಾಗ ಪ್ರೇಕ್ಷಕರು ಅಭ್ಯಾಸದಂತೆ ಬೀಸಣಿಗೆ ಹಿಡಿದೇ ಕುಳಿತಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಬೀಸಣಿಗೆಗಳು ಕೆಳಗಿಳಿದವು. ಕಾಗದಕ್ಕಾಗಿ ಹುಟ್ಟಿದ ಯಂತ್ರ ಮನುಷ್ಯರದ್ದಾಯಿತು.

1928ರಲ್ಲಿ ಅವರ ಕಂಪನಿ ಮನೆಗಾಗಿಯೇ ವೆದರ್‌ಮೇಕರ್ ಎಂಬ ಯಂತ್ರ ಹೊರತಂದಿತು. ಆರ್ಥಿಕ ಮಹಾಕುಸಿತ ಮತ್ತು ಎರಡನೇ ಮಹಾಯುದ್ಧದಿಂದ ಮನೆ ಎಸಿಯ ಕನಸು ಮುಂದೆ ಹೋಯಿತು. ಯುದ್ಧದ ನಂತರ ಅದು ಮನೆಮನೆಗೆ ಹರಡುತ್ತಿದ್ದ ಹೊತ್ತಿನಲ್ಲಿ, 1950ರ ಅಕ್ಟೋಬರ್ 7ರಂದು, 73ನೇ ವಯಸ್ಸಿನಲ್ಲಿ ಕ್ಯಾರಿಯರ್ ನಿಧನರಾದರು.

ಸೀವುಡ್ಸ್ ಮನೆಯಲ್ಲಿ ಅದೇ ಲೆಕ್ಕ

ಕ್ಯಾರಿಯರ್ ಸೂತ್ರದ ಪ್ರಕಾರ 30 ಡಿಗ್ರಿ ಉಷ್ಣತೆ, ಶೇ 80 ಆರ್ದ್ರತೆ ಇರುವ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲೂ ನೀರು ಕೂರುತ್ತದೆ. ಸೀವುಡ್ಸ್‌ನ ಮಳೆಗಾಲದಲ್ಲಿ ಒಂದೂವರೆ ಟನ್ ಎಸಿ ಪೂರ್ಣ ಪ್ರಮಾಣದಲ್ಲಿ ಓಡಿದರೆ ಗಂಟೆಗೆ ಒಂದು ಲೀಟರ್‌ಗೂ ಹೆಚ್ಚು ನೀರು ಬರಬಹುದು. ನೀರು ಬರುವುದು ದೋಷವಲ್ಲ, ಯಂತ್ರ ಮಾಡಬೇಕಾದ ಕೆಲಸವೇ ಅದು. ನೀರು ಹೋಗಬೇಕಾದ ದಾರಿಯಲ್ಲಿ ಹೋಗದಿದ್ದರೆ ಮಾತ್ರ ತೊಂದರೆ.

ಡ್ರೈನ್ ಟ್ರೇ ಮತ್ತು ಪೈಪ್: ಧೂಳು, ಪಾಚಿ ಕಟ್ಟಿದರೆ ಟ್ರೇ ತುಂಬಿ ಸೀಲಿಂಗ್‌ಗೆ ಇಳಿಯುತ್ತದೆ. ಮಳೆಗಾಲಕ್ಕೆ ಮೊದಲೇ ಟ್ರೇ ತೊಳೆಸಿ, ಒಂದು ಮಗ್ ನೀರು ಸುರಿದು ಸರಾಗವಾಗಿ ಹೋಗುತ್ತದೆಯೇ ನೋಡಬೇಕು. ಪೈಪ್‌ಗೆ ಇಳಿಜಾರು ಇರಲೇಬೇಕು.

ಫಿಲ್ಟರ್: ಬಳಕೆ ಹೆಚ್ಚಿರುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಎಸಿ ಆಫ್ ಮಾಡಿದಾಗ ಅದೇ ಕರಗಿ ಸುರಿಯುತ್ತದೆ.

ಡಕ್ಟ್‌ನ ಹೊದಿಕೆ: ಇನ್ಸುಲೇಷನ್ ಹರಿದ ಕಡೆ ಡಕ್ಟ್‌ನ ಹೊರಮೈಯೇ ಬೆವರುತ್ತದೆ. ಡ್ರೈನ್ ಸರಿ ಇದ್ದೂ ಸೀಲಿಂಗ್ ಒದ್ದೆಯಾಗುತ್ತಿದ್ದರೆ ಇದನ್ನು ನೋಡಿಸಬೇಕು.

ಗ್ಯಾಸ್: ಎಸಿ ಗ್ಯಾಸ್ ಅಡುಗೆ ಗ್ಯಾಸ್‌ನಂತೆ ಬಳಸಿ ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಮುಚ್ಚದೆ ವರ್ಷವರ್ಷ ಗ್ಯಾಸ್ ತುಂಬಿಸುವುದು ಜೇಬಿಗೂ ನಷ್ಟ, ವಾತಾವರಣಕ್ಕೂ ಹಾನಿ. ಆರ್-32ರಂಥ ಗ್ಯಾಸ್‌ಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವಿರುವುದರಿಂದ ತರಬೇತಿ ಪಡೆದ ಮೆಕ್ಯಾನಿಕ್ ಅಗತ್ಯ.

ಹೊರಗಿನ ಘಟಕ: ಖಾಡಿಯ ಉಪ್ಪುಗಾಳಿ ಕಂಡೆನ್ಸರ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ವಿದ್ಯುತ್ ಪೂರ್ತಿ ಕಡಿತಗೊಳಿಸಿ, ಕಡಿಮೆ ಒತ್ತಡದ ಸಿಹಿನೀರಿನಿಂದ ಆಗಾಗ ತೊಳೆಸಿದರೆ ಅದರ ಆಯಸ್ಸು ಹೆಚ್ಚುತ್ತದೆ.

ಸೆಕೆ ಆದಾಗ ರಿಮೋಟ್‌ನಲ್ಲಿ 18ಕ್ಕೆ ಇಳಿಸುವುದು ಹಲವರ ಅಭ್ಯಾಸ. ಆದರೆ ಮೈ ಅಂಟುತ್ತಿರುವುದು ತೇವಕ್ಕೆ. 24ರಿಂದ 26 ಡಿಗ್ರಿಯಲ್ಲಿ ಫ್ಯಾನ್ ಆಟೋ ಇಟ್ಟು ಅಥವಾ ಡ್ರೈ ಮೋಡ್‌ನಲ್ಲಿ ಓಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು ಭಾರತದಲ್ಲಿ 24 ಡಿಗ್ರಿಯಲ್ಲೇ ಆನ್ ಆಗಬೇಕೆಂಬ ನಿಯಮವೂ ಇದೆ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿಸಿದರೂ ಇದೇ ಗತಿ. ಅದು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ.

ಮೆಕ್ಯಾನಿಕ್ ಬಂದಾಗ ಗ್ಯಾಸ್ ವಿಚಾರಿಸುವ ಮೊದಲು ನೀರು ಎಲ್ಲಿ ಕೂರುತ್ತಿದೆ, ಎಲ್ಲಿಂದ ಹೋಗುತ್ತಿದೆ ಎಂದು ಕೇಳುವುದು ಒಳ್ಳೆಯದು. 1902ರಲ್ಲಿ ಆ ಮುದ್ರಣಾಲಯಕ್ಕಾಗಿ ಕ್ಯಾರಿಯರ್ ಹುಡುಕಿದ್ದೂ ಇದಕ್ಕೇ ಉತ್ತರ.